ಮೂರನೇ ಕಲಮು, ಅಜ್ಜನ ದನಿ

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿಗೆ ಸಂಜೆ ಆಕಾಶದಿಂದ ಇಳಿಯುವುದಿಲ್ಲ, ಮೆಟ್ರೊ ಹಳಿಯ ಮೇಲೆ ಬರುತ್ತದೆ. ದೀಪ ಹೊತ್ತಿಸಿಕೊಂಡ ಬೋಗಿಗಳು ನಮ್ಮ ಕಿಟಕಿಯ ಮಟ್ಟದಲ್ಲೇ ಹಾದು ಹೋಗುವಾಗ ಗೋಡೆಯ ಮೇಲೆ ಬೆಳಕಿನ ಚೌಕಗಳು ಒಂದರ ಹಿಂದೊಂದು ಓಡುತ್ತವೆ, ಅಜ್ಜಿಯ ಕೋಣೆಯ ಬಾಗಿಲಿಗೆ ಬಂದು ಕರಗುತ್ತವೆ. ಆ ಹೊತ್ತಿನಲ್ಲಿ ಇಡೀ ಮನೆ ನೀರಿನೊಳಗೆ ಇದ್ದಂತೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೂಡ ಬೇರೆ ಯಾರದೋ ಮನೆಯಿಂದ, ಬೇರೆ ಯಾವುದೋ ವರ್ಷದಿಂದ ಬಂದ ಹಾಗೆ ಕೇಳುತ್ತದೆ.

ನಾನು ದನಿಗಳ ಹಿಂದೆ ಬಿದ್ದವನು. ಕೆಳಗಿನ ವಾಚ್‌ಮನ್ ತೆಲುಗಿನಲ್ಲಿ ಶುರು ಮಾಡಿ ಹಿಂದಿಯಲ್ಲಿ ಬೈದು ಮತ್ತೆ ತೆಲುಗಿನಲ್ಲಿ ಕ್ಷಮೆ ಕೇಳುವುದು, ಅಪಾರ್ಟ್‌ಮೆಂಟಿನ ಸೆಕ್ರೆಟರಿ ನೀರಿನ ಟ್ಯಾಂಕರ್ ಬರಲಿಲ್ಲವೆಂಬುದನ್ನು ಮರಣವಾರ್ತೆಯಂತೆ ತಿಳಿಸುವುದು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇದ್ದವರು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದರೂ ದೇಶದ ಗುಟ್ಟು ಬಿಟ್ಟುಕೊಡುವವರಂತೆ ಆಚೀಚೆ ನೋಡಿ ಹೇಳುತ್ತಾರೆ. ಅದನ್ನು ಮಾಡಿ ತೋರಿಸಿದರೆ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾಳೆ. ನನ್ನದೇ ದನಿಯನ್ನು ಅಣಕಿಸಲು ಮಾತ್ರ ಇದುವರೆಗೆ ಆಗಿಲ್ಲ. ಹಗಲೆಲ್ಲ ಕೊಂಡಾಪುರದ ಆಫೀಸಿನಲ್ಲಿ ಕೂತು ಸಿಟ್ಟಾದ ಗ್ರಾಹಕರಿಗೆ ಫೋನಿನಲ್ಲಿ ಸಮಾಧಾನ ಹೇಳುವ ಆ ದನಿಯಲ್ಲಿ ಹಿಡಿದುಕೊಳ್ಳಲು ಒಂದು ಮೂಲೆಯೂ ಇಲ್ಲ, ಸೋಪಿನ ಹಾಗೆ ಜಾರುತ್ತದೆ.

ಇವೆಲ್ಲ ನಗಿಸುವ ದನಿಗಳು. ಒಂದು ಮಾತ್ರ ನಗಿಸಲಿಕ್ಕಲ್ಲ. ಅದು ಅಜ್ಜನದು.

ಬೀದರ್ ಕಡೆಯ ನಮ್ಮ ಅಜ್ಜಿ ಗಂಡನಿಗಿಂತ ಮೊದಲು ಎಂದೂ ಉಂಡವಳಲ್ಲ. ಅಜ್ಜ ಉಂಡು, ಕೈ ತೊಳೆದು, ಹೊರಗೆ ಹೋಗಿ ಒಮ್ಮೆ ಕೆಮ್ಮಿ, ಅಲ್ಲಿಂದಲೇ “ನಂದಾತು, ನೀ ಉಣ್ಣು” ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅಜ್ಜಿಯ ಕೈ ತಾಟಿಗೆ ಹೋಗುತ್ತಿತ್ತು. ಅಜ್ಜ ತೀರಿಹೋದಾಗ ಅಜ್ಜಿ ಅತ್ತಳು, ದುಃಖಪಟ್ಟಳು, ನಿಧಾನಕ್ಕೆ ಒಬ್ಬಳೇ ಉಣ್ಣಲು ಕಲಿತಳು. ಆಮೇಲೆ ಮರೆವು ಬಂತು. ಬಂದದ್ದೇ ಮೊದಲು ಒರೆಸಿದ್ದು ಅಜ್ಜನ ಸಾವನ್ನು. ಬೇರೆ ಏನನ್ನಾದರೂ ಒರೆಸಬಹುದಿತ್ತು, ಸೋದರತ್ತೆಯ ಮದುವೆಯಲ್ಲಿ ನಡೆದ ಜಗಳವನ್ನು ಒರೆಸಬಹುದಿತ್ತು. ಅದನ್ನು ಹಾಗೇ ಬಿಟ್ಟಿತು.

ಅಂದಿನಿಂದ ಅಜ್ಜಿ ತಾಟು ಮುಂದಿಟ್ಟುಕೊಂಡು ಕಾಯತೊಡಗಿದಳು. “ಅವರದಿನ್ನೂ ಆಗಿಲ್ಲ,” ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆ ಹೊಟ್ಟೆಗೆ ಹೋಗಿರುತ್ತಿತ್ತು, ಅನ್ನ ಹೋಗಿರುತ್ತಿರಲಿಲ್ಲ. ಅವ್ವ ಬೇಡಿಕೊಂಡಳು, ಅಪ್ಪ ಗದರಿದರು, ಅಜ್ಜ ಇಲ್ಲ ಎಂದು ಯಾರೋ ತಿಳಿಹೇಳಲು ಹೋಗಿ ಅಜ್ಜಿ ಹೊಸದಾಗಿ ವಿಧವೆಯಾದಂತೆ ಅತ್ತಳು. ಒಂದು ಸಂಜೆ ಅವಳ ಕೈ ನಡುಗಿ, ಮೈ ಬೆವೆತು, ಕಣ್ಣು ತೇಲಿಬಿಟ್ಟಾಗ ಆಸ್ಪತ್ರೆಗೆ ಓಡಿದೆವು. ಹೀಗೆ ಉಪವಾಸ ಬಿಟ್ಟರೆ ಉಳಿಯುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಮರುದಿನ ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಮೆಟ್ರೊ ಹೋಯಿತು. ಬೆಳಕು ಓಡಿತು. ನನಗೇ ಗೊತ್ತಿಲ್ಲದೆ ಒಮ್ಮೆ ಕೆಮ್ಮಿದೆ. ಆ ಕೆಮ್ಮು ನನ್ನದಾಗಿರಲಿಲ್ಲ.

“ನಂದಾತು, ನೀ ಉಣ್ಣು.”

ಒಳಗೆ ತಾಟಿನ ಸದ್ದಾಯಿತು. ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಅಜ್ಜಿಯನ್ನೂ ನೋಡಿದಳು. ಅಂದಿನಿಂದ ದಿನಾ ಸಂಜೆ ಅಜ್ಜ ನನ್ನ ಗಂಟಲಿಗೆ ಬಂದು, ಒಂದು ಮಾತು ಹೇಳಿ, ಹೋಗುತ್ತಾನೆ.

ಇನ್ನು ಅಕ್ಕನ ವಿಷಯ. ಅಕ್ಕ ಕಾನೂನು ಓದಿ ಒಬ್ಬ ಶಾಸಕರ ಬಳಿ ಕೆಲಸಕ್ಕೆ ಇದ್ದಾಳೆ. ಅವರು ಗಡಿ ಕಡೆಯವರು, ಸಭೆಯಲ್ಲಿ ತೆಲುಗು, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ. ಅವರ ಹೆಂಡತಿಗೆ ಒಂದು ಮಧ್ಯಾಹ್ನ ಫೋನು ಬಂತು. ಹೊರ ಊರಿನಲ್ಲಿ ಓದುವ ಮಗನ ದನಿ, ಅಳುತ್ತಿತ್ತು. ಪೊಲೀಸರು ಹಿಡಿದಿದ್ದಾರೆ, ಹೊಡೆಯುತ್ತಿದ್ದಾರೆ, ಬಿಡಿಸು ಅಮ್ಮಾ ಎಂದಿತು. ತಾಯಿ ಕೇಳಿದಷ್ಟೂ ಹಣ ಕಳಿಸಿದರು. ಮಗ ಆ ಹೊತ್ತಿನಲ್ಲಿ ಹಾಸ್ಟೆಲಿನಲ್ಲಿ ಮಲಗಿದ್ದನಂತೆ. ಯಾವನೋ ಮಗನ ದನಿಯನ್ನು ಯಂತ್ರಕ್ಕೆ ತಿನ್ನಿಸಿ ಅಳಿಸಿದ್ದ.

ಆಗ ಶಾಸಕರು ಹಟ ಹಿಡಿದರು. ಇನ್ನೊಬ್ಬರ ದನಿ ಕದಿಯುವುದನ್ನು ಅಪರಾಧ ಮಾಡುವ ಮಸೂದೆಯೊಂದನ್ನು, ಸರ್ಕಾರದ ದಾರಿ ಕಾಯದೆ, ಖಾಸಗಿ ಸದಸ್ಯರಾಗಿ ತಾವೇ ತರುವುದಾಗಿ ಹೇಳಿದರು. ಕರಡು ಬರೆಯುವ ಕೆಲಸ ಅಕ್ಕನಿಗೆ ಬಂತು. ಅದು ಅವಳ ಮೊದಲ ಮಸೂದೆ. ಆ ವಾರಗಳಲ್ಲಿ ಅಕ್ಕ ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದಳು, ಕುಕ್ಕರ್ ಕೂಗಿದರೂ “ಆಕ್ಷೇಪಣೆ ದಾಖಲಾಗಿದೆ” ಎನ್ನುತ್ತಿದ್ದಳು.

ಮನೆಯಲ್ಲಿ ನನಗೊಂದು ಹುದ್ದೆ ಸಿಕ್ಕಿತು, ವಿರೋಧ ಪಕ್ಷ. ಸಂಬಳ ಮಿರ್ಚಿ ಭಜಿ. ಅಕ್ಕ ಇಂಗ್ಲಿಷಿನ ಕರಡನ್ನು ಒಂದೊಂದೇ ಕಲಮಾಗಿ ಕನ್ನಡದಲ್ಲಿ ಬಿಡಿಸಿ ಹೇಳುವಳು. ನಾನು ಎದ್ದು ನಿಂತು, ಮೇಜು ಗುದ್ದಿ, ಬೇರೆ ಬೇರೆ ಸದಸ್ಯರ ದನಿಯಲ್ಲಿ ತಕರಾರು ತೆಗೆಯಬೇಕು. ನಿದ್ದೆಯಿಂದ ಎದ್ದು ವಿಷಯ ಯಾವುದೆಂದು ಗೊತ್ತಿಲ್ಲದೆ ವಿರೋಧಿಸುವ ಸದಸ್ಯ, ತನ್ನ ತಾಲ್ಲೂಕಿನ ರಸ್ತೆಗುಂಡಿಯಿಂದ ಶುರು ಮಾಡದೆ ಯಾವ ಮಾತನ್ನೂ ಆಡಲಾಗದ ಸದಸ್ಯ, ಎಲ್ಲದಕ್ಕೂ “ಇದು ನಮ್ಮ ಕಾಲದಾಗ ಇರಲಿಲ್ರಿ” ಎನ್ನುವ ಹಿರಿಯ ಸದಸ್ಯ. ಎಲ್ಲರನ್ನೂ ನಾನೇ ಹುಟ್ಟಿಸಿದ್ದೆ.

ಮೊದಲ ಕರಡಿನಲ್ಲಿ ಮೂರನೇ ಕಲಮು ಸರಳವಾಗಿತ್ತು. ಯಂತ್ರದಿಂದ ಇನ್ನೊಬ್ಬರ ದನಿ ಮಾಡಿ ಮೋಸಗೊಳಿಸಿದರೆ ಶಿಕ್ಷೆ.

ನಾನು ವಕೀಲ ಸದಸ್ಯನಾಗಿ ಎದ್ದೆ. “ಅಧ್ಯಕ್ಷರೇ, ನನ್ನ ಕಕ್ಷಿದಾರ ಯಂತ್ರಾನ ಮುಟ್ಟಿಲ್ರಿ. ಬಾಯಿಲೇ ಮಾಡ್ಯಾನ. ಬಾಯಿ ಯಂತ್ರ ಅಲ್ರಿ, ಊಟದ ಚೀಲದ ಬಾಗಲಾ!”

ಅಕ್ಕ “ಶಾಭಾಸ್ ತಮ್ಮಾ” ಎಂದು ಬರೆದಳು: ಯಂತ್ರದಿಂದಾಗಲಿ ಬೇರೆ ಯಾವುದೇ ರೀತಿಯಿಂದಾಗಲಿ.

ಮರುದಿನ ಇನ್ನೊಬ್ಬ ಸದಸ್ಯನಾದೆ. “ಮೋಸ ಮಾಡೋ ಮನಸ್ಸಿತ್ತು ಅಂತ ಹೆಂಗ ತೋರಸ್ತೀರಿ? ಮನಸ್ಸಿನ ಫೋಟೊ ತಗದೀರೇನ?” ಅಕ್ಕ ಮೋಸ ಎಂಬ ಮಾತನ್ನೇ ತೆಗೆದಳು. ಕೇಳುವವರು ಅದನ್ನು ಆ ವ್ಯಕ್ತಿಯದೇ ದನಿಯೆಂದು ನಂಬಿದರೆ ಸಾಕು, ಅಪರಾಧ. ಆಮೇಲೆ ಒಪ್ಪಿಗೆಯ ಮಾತು ಬಂತು. ಒಪ್ಪಿಗೆ ಇತ್ತು ಎಂದು ಕಳ್ಳ ಬಾಯಿಮಾತಿನಲ್ಲಿ ಹೇಳಿಯಾನು, ಆದ್ದರಿಂದ ಒಪ್ಪಿಗೆ ಬರಹದಲ್ಲೇ ಇರಬೇಕು. ಪ್ರತಿ ಸಂಜೆ ನಾನೊಂದು ತೂತು ತೋರಿಸುತ್ತಿದ್ದೆ, ಅಕ್ಕ ಹೊಲಿಯುತ್ತಿದ್ದಳು. ಕರಡು ಬಲೆಯ ಹಾಗೆ ಬಿಗಿಯಾಗುತ್ತ ಹೋಯಿತು, ಮತ್ತು ನಾವಿಬ್ಬರೂ ಆ ಬಲೆಯನ್ನು ದೂರದ ಯಾವುದೋ ನೀರಿಗೆ ಬೀಸುತ್ತಿದ್ದೇವೆಂದು ನಂಬಿದ್ದೆವು. ಅಲ್ಲಿ ಈಜುವವನು ಕಳ್ಳನೊಬ್ಬನೇ.

ಶಾಸಕರಿಗೆ ಕರಡು ಭಾಳ ಹಿಡಿಸಿತು. ಒಂದು ಸಲ ಕೊನೆಯದಾಗಿ ನೋಡಿ ಮರುದಿನ ಬೆಳಿಗ್ಗೆ ತಂದುಕೊಡು, ಈ ಅಧಿವೇಶನದಲ್ಲೇ ಮಂಡಿಸುತ್ತೇನೆ ಎಂದರು. ಆ ಸಂಜೆ ಅಕ್ಕ ದೀಪ ಕೂಡ ಹಾಕದೆ, ಕಿಟಕಿಯ ಬೆಳಕಿನಲ್ಲೇ ಮೂರನೇ ಕಲಮನ್ನು ಓದುತ್ತಿದ್ದಳು, ಜೋಗುಳದ ಹಾಗೆ. “ಯಾವುದೇ ವ್ಯಕ್ತಿ, ಯಂತ್ರದಿಂದಾಗಲಿ ಬೇರೆ ಯಾವುದೇ ರೀತಿಯಿಂದಾಗಲಿ, ಇನ್ನೊಬ್ಬ ವ್ಯಕ್ತಿಯ ದನಿಯನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಅನುಕರಿಸಿ, ಕೇಳುವವರು ಅದನ್ನು ನಂಬುವಂತೆ ಮಾಡಿದರೆ...”

“ರೀ,” ಒಳಗಿನಿಂದ ಅಜ್ಜಿ ಕರೆದಳು. “ನಿಮ್ಮದು ಆತೇನ್ರಿ?”

ಯಾವತ್ತಿನಂತೆ ನಾನು ಬಾಲ್ಕನಿಯ ಕಡೆ ಮುಖ ಮಾಡಿ ಕೆಮ್ಮಿದೆ. “ನಂದಾತು, ನೀ ಉಣ್ಣು.”

ತಾಟಿನ ಸದ್ದು. ಮೆಟ್ರೊ ಬಂತು, ಚೌಕಗಳು ಓಡಿದವು. ಅಕ್ಕನ ದನಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಅವಳು ನನ್ನನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡುತ್ತಿದ್ದಳು.

“ಯಾಕಕ್ಕಾ? ಮುಂದ ಓದು.”

“ಲೇ,” ಅಕ್ಕ ಮೆಲ್ಲಗೆ ಹೇಳಿದಳು, “ನೀ ಈಗ ಮಾಡಿದ್ದಿ ನೋಡು, ಅದನ್ನ ಇದು ಅಪರಾಧ ಅಂತೈತಿ.” ಬೆರಳು ಮೂರನೇ ಕಲಮಿನ ಮೇಲಿತ್ತು. “ಬೇರೆ ಯಾವುದೇ ರೀತಿ ಅಂದ್ರ ನಿನ್ನ ಗಂಟಲಾ. ನಂಬಸೋದು ಅಂದ್ರ ಅಜ್ಜಿ. ಲಿಖಿತ ಒಪ್ಪಿಗಿ ಅಂದ್ರ ಅಜ್ಜ ಬರದು ಕೊಡಬೇಕು.”

ನಾನು ನಗಲು ಹೋದೆ. ನಾನು ಯಾವತ್ತೂ ಮಾಡುವ ಕೆಲಸ ಅದೇ. ಆದರೆ ನಗು ಬರುವಷ್ಟರಲ್ಲಿ ಒಳಗೆ ಅಜ್ಜಿ ಅನ್ನ ಕಲಸುವಾಗಿನ ಬಳೆಯ ಸದ್ದು ಕೇಳಿಸಿತು. ಆ ಬಲೆಗೆ ಒಂದೊಂದು ಗಂಟು ಹಾಕಿಸಿದ ವಿರೋಧ ಪಕ್ಷ ನಾನೇ. ಮಿರ್ಚಿ ಭಜಿ ತಿಂದುಕೊಂಡು.

“ಮನಿಯವರನ್ನ ಬಿಟ್ಟು ಅಂತ ಒಂದು ಸಾಲು ಸೇರಸು, ಮುಗೀತು,” ಎಂದೆ.

“ಮನಿಯವರ ಮೋಸ ಮಾಡಿದ್ರ? ಅಳಿಯ ಮಾವನ ದನಿ ಮಾಡಿ ಹೊಲಾ ಬರಸ್ಕೊಂಡ್ರ?”

“ಸತ್ತವರ ದನಿ ಬಿಟ್ಟು ಅಂತ ಬರಿ.”

“ಸತ್ತ ಅಪ್ಪನ ದನಿಯಾಗ ಒಬ್ಬಾಂವ ತಂಗೀಗೆ ಫೋನ್ ಹಚ್ಚಿ, ಆಸ್ತಿ ಅಣ್ಣಗ ಬಿಟ್ಟಕೊಡು ಅಂತ ಹೇಳಿದ್ರ?”

ಅಷ್ಟು ದಿನ ನಾನು ಅವಳಿಗೆ ಮಾಡಿದ್ದನ್ನು ಅವಳು ನನಗೆ ಮಾಡುತ್ತಿದ್ದಳು, ಅದೂ ಸ್ವಂತ ದನಿಯಲ್ಲೇ. ಎಲ್ಲಿ ಬಾಗಿಲು ತೆರೆದರೂ ನನ್ನ ಜೊತೆಗೆ ಒಬ್ಬ ಕಳ್ಳನೂ ಹೊರಗೆ ಹೋಗುತ್ತಿದ್ದ. ಬರೆಯುವವರ ಕಣ್ಣಿಗೆ ಕಳ್ಳನ ಮುಖವೊಂದೇ ಕಾಣುತ್ತಿರುತ್ತದೆ. ಬರೆದ ಸಾಲಿಗೆ ಕಣ್ಣಿಲ್ಲ, ಅದು ಎದುರಿಗೆ ಬಂದವರನ್ನೆಲ್ಲ ಹಿಡಿಯುತ್ತದೆ. ಅದನ್ನು ನಾನು ಯಾವ ಕಾಲೇಜಿಗೂ ಹೋಗದೆ, ಕತ್ತಲಾಗುತ್ತಿದ್ದ ನಮ್ಮ ಹಾಲಿನಲ್ಲಿ ಕೂತು ಕಲಿತೆ.

ಬೆಳಿಗ್ಗೆ ಇಬ್ಬರೂ ಶಾಸಕರ ಮನೆಗೆ ಹೋದೆವು. ನನ್ನನ್ನು ಯಾಕೆ ಕರೆದೊಯ್ದಳೋ, ಸಾಕ್ಷಿಯಾಗಿಯೋ ಆರೋಪಿಯಾಗಿಯೋ. ಶಾಸಕರು ಎಲ್ಲವನ್ನೂ ಕೇಳಿ ನಕ್ಕರು.

“ಅರೇ, ನಿಮ್ಮ ಅಜ್ಜಿ ಊಟದ ಮ್ಯಾಲ ಯಾರವ್ವಾ ಕೇಸ್ ಹಾಕ್ತಾರ?”

“ಯಾರೂ ಹಾಕಂಗಿಲ್ಲ ಅಂದ್ರ ಆ ಮಾತು ಯಾಕ ಬರೀಬೇಕ್ರಿ ಸರ್? ಬರದು ಇಟ್ಟ ಮ್ಯಾಲ, ಯಾರಿಗೆ ಯಾರ ಮ್ಯಾಲ ಸಿಟ್ಟು ಬರ್ತೈತೋ ಅವರು ಹಾಕ್ತಾರ. ನಮ್ಮ ಸೆಕ್ರೆಟರಿಗೆ ಇವನ ಮ್ಯಾಲ ಮದ್ಲ ಸಿಟ್ಟೈತ್ರಿ.”

ಇದು ನಿಜ. ಟ್ಯಾಂಕರಿನ ಮರಣವಾರ್ತೆಯನ್ನು ನಾನು ಗಣೇಶ ಹಬ್ಬದ ಮೈಕಿನಲ್ಲಿ ಮಾಡಿ ತೋರಿಸಿದ ಮೇಲೆ ಅವರು ಲಿಫ್ಟಿನಲ್ಲಿ ನನ್ನೊಡನೆ ನಿಲ್ಲುವುದಿಲ್ಲ.

ಶಾಸಕರ ಹೆಂಡತಿ ಬಾಗಿಲ ಬಳಿ ಚಹದ ಟ್ರೇ ಹಿಡಿದು ನಿಂತಿದ್ದರು. ಟ್ರೇಯನ್ನು ಕೆಳಗಿಡಲೇ ಇಲ್ಲ.

“ಒಂದಕ್ಷರ ಸಡ್ಲ ಮಾಡಬ್ಯಾಡ,” ಎಂದರು. ದನಿ ಸಣ್ಣದಾಗಿತ್ತು, ಒಳಗೆ ಒಡೆದ ಗಾಜಿನ ಹಾಗೆ. “ಆ ದನಿ ನನ್ನ ಮಗನ್ದ ಅಂತ ನಂಬೀನಿ ನಾ. ಹೆತ್ತಾಕಿ ನಂಬೀನಿ. ಈಗ ಅಂವ ಖರೇನ ಫೋನ್ ಮಾಡಿದ್ರೂ ಮೈ ನಡಗತೈತಿ. ನಂಬಸೋದ ತಪ್ಪು. ಯಾರು ಮಾಡಿದ್ರೂ ತಪ್ಪು. ನಿಮ್ಮ ಅಜ್ಜಿಗೂ ನೀ ಸುಳ್ಳ ಹೇಳಾಕತ್ತಿ.”

ಕೊನೆಯ ಮಾತು ನನಗೆ. ಇದ್ದ ದನಿಗಳಲ್ಲಿ ಯಾವುದೂ ಮುಂದೆ ಬರಲಿಲ್ಲ, ಎಲ್ಲ ಗಂಟಲ ಮೂಲೆಗೆ ಹೋಗಿ ಕೂತವು. ಬಳಿಕ ನನ್ನದೇ ಆ ಸೋಪಿನಂಥ ಆಫೀಸಿನ ದನಿ ಹೇಳಿತು, “ಅಮ್ಮಾರ, ಇವತ್ತು ಸಂಜಿಗೆ ಮನಿಗೆ ಬರ್ರಿ. ಬಂದು ನೋಡ್ರಿ. ಆಮ್ಯಾಲೂ ಸಡ್ಲ ಮಾಡಬ್ಯಾಡ ಅಂದ್ರ ಮಾಡೂದಿಲ್ಲ.”

ಅಕ್ಕ ನನ್ನ ಕಾಲು ತುಳಿದಳು. ಶಾಸಕರು ಹೆಂಡತಿಯನ್ನು ನೋಡಿದರು. “ಹೋಗಿ ಬಾ,” ಎಂದರು. “ಒಂದು ದಿನದಾಗ ಏನಾಗ್ತೈತಿ.” ಅಕ್ಕನ ಮುಖ ಬಿಳುಚಿತು, ಏಕೆಂದರೆ ಒಂದು ದಿನದಲ್ಲಿ ಅಧಿವೇಶನಕ್ಕೆ ಮಸೂದೆ ಕೊಡುವ ಗಡುವೇ ದಾಟಿ ಹೋಗುತ್ತಿತ್ತು, ಶಾಸಕರಿಗೆ ಅದು ನೆನಪಿರಲಿಲ್ಲ.

ಸಂಜೆ ಅವರು ಬಂದರು. ಅವ್ವ ಕುರ್ಚಿ ಹಾಕಿದಳು. ಅವರು ಅಜ್ಜಿಯ ಕೋಣೆಯ ಹೊಸಿಲ ಪಕ್ಕದಲ್ಲಿ, ಬೆಳಕಿನ ಚೌಕಗಳು ಓಡುವ ದಾರಿಯಲ್ಲೇ ಕೂತರು. ಚೌಕಗಳು ಅವರ ಸೀರೆಯ ಮೇಲೆ ಹತ್ತಿ ಇಳಿದು ಒಳಗೆ ಹೋಗುತ್ತಿದ್ದವು. ಅವ್ವ ಮೆತ್ತಗಿನ ಅನ್ನ, ಪುಂಡಿಪಲ್ಯ, ಒಂದು ಲೋಟ ಮಜ್ಜಿಗೆ ತಂದು ಅಜ್ಜಿಯ ಮುಂದಿಟ್ಟಳು. ಅಜ್ಜಿ ತಾಟು ನೋಡಿದಳು, ಬಾಗಿಲು ನೋಡಿದಳು, ಕೈ ಮಡಿಲಲ್ಲೇ ಇಟ್ಟುಕೊಂಡಳು.

“ಉಣ್ರಿ ಅವ್ವಾರ,” ಎಂದರು ಶಾಸಕರ ಹೆಂಡತಿ.

“ಅವರದಿನ್ನೂ ಆಗಿಲ್ರಿ.” ಅಜ್ಜಿ ಪ್ರೀತಿಯಿಂದ ಹೇಳಿದಳು, ಇಷ್ಟು ಸಣ್ಣ ವಿಷಯ ತಿಳಿಯದ ಹುಡುಗಿಗೆ ಹೇಳುವಂತೆ.

ನಾನು ಬಾಲ್ಕನಿಯಲ್ಲಿ ಕಾಯುತ್ತಿದ್ದೆ. ಅಜ್ಜ ಬರುತ್ತಾನೋ ಇಲ್ಲವೋ, ಇಷ್ಟು ಜನ ಕೇಳುತ್ತಿರುವಾಗ ನಾಚಿಕೊಂಡು ಹೋಗಿಬಿಡುತ್ತಾನೋ. ಮೆಟ್ರೊ ಹೋಗುವವರೆಗೆ ತಡೆದು, ಕೆಮ್ಮಿದೆ. ಬಂದ.

“ನಂದಾತು, ನೀ ಉಣ್ಣು.”

ಅಜ್ಜಿಯ ಮುಖ ಅರಳಿತು. ಕೈ ತಾಟಿನವರೆಗೆ ಹೋಗಿ ಅಲ್ಲೇ ನಿಂತಿತು. ಅವಳು ಕುರ್ಚಿಯ ಕಡೆ ತಿರುಗಿದಳು. “ಮನಿಗೆ ಬಂದವ್ರು ಉಂಡಿಲ್ಲ. ನಾ ಹೆಂಗ ಉಣ್ಲಿ?”

ಇದು ನಾವು ಯಾರೂ ಎಣಿಸಿರದ ಕಲಮು. ಅಜ್ಜನಿಗೂ ಇದಕ್ಕೆ ಮಾತು ಗೊತ್ತಿರಲಿಲ್ಲ. ಅವ್ವ ನನ್ನನ್ನು ನೋಡಿದಳು, ನಾನು ಅಕ್ಕನನ್ನು. ಮಾತ್ರೆ ಆಗಲೇ ಅಜ್ಜಿಯ ಹೊಟ್ಟೆಯಲ್ಲಿತ್ತು.

ಶಾಸಕರ ಹೆಂಡತಿ ತಮ್ಮ ಕೈಗಳನ್ನು ನೋಡಿಕೊಂಡರು. ನಮ್ಮ ಮನೆಯಲ್ಲಿ ಒಂದು ತುತ್ತೂ ಮುಟ್ಟಿರಲಿಲ್ಲ ಅವರು, ಚಹ ಕೂಡ ಬೇಡವೆಂದಿದ್ದರು. ಆಮೇಲೆ ಅವರು ಅಜ್ಜಿಯ ಕಡೆ ಬಾಗಿದರು.

“ನಂದೂ ಆತ್ರಿ ಅವ್ವಾರ. ಹೊಟ್ಟಿ ತುಂಬ ಉಂಡೀನಿ. ನೀವು ಉಣ್ರಿ.”

“ಪುಂಡಿಪಲ್ಯ ಹೆಂಗಿತ್ತು?”

“ಭಾಳ ಚಲೋ ಇತ್ರಿ.”

ಅಜ್ಜಿ ತೃಪ್ತಿಯಿಂದ ತಲೆಯಾಡಿಸಿ ಮೊದಲ ತುತ್ತು ಎತ್ತಿದಳು. ಅವರು ಕೊನೆಯ ತುತ್ತಿನವರೆಗೂ ಕೂತು ನೋಡಿದರು. ಮಧ್ಯೆ ಅಜ್ಜಿಯ ಸೆರಗಿನ ಮೇಲೆ ಬಿದ್ದ ಅಗುಳನ್ನು ತಾವೇ ತೆಗೆದರು. ಬಳಿಕ ಹಾಲಿಗೆ ಬಂದು, ಕಿಟಕಿಗೆ ಬೆನ್ನು ಮಾಡಿ ನಿಂತು, ಅಳುವನ್ನೂ ನಗುವನ್ನೂ ಒಟ್ಟಿಗೆ ತಡೆಯುತ್ತ ಹೇಳಿದರು, “ನಾನೂ ನಂಬಸಿದ್ನಲ್ಲೋ ಹುಡುಗಾ. ಅದೂ ಎಷ್ಟ ಸಲೀಸಾಗಿ!”

“ನನಗಿಂತ ಚಲೋ ಮಾಡಿದ್ರಿ ಅಮ್ಮಾರ,” ಎಂದೆ. “ನಾನಾಗಿದ್ರ ಪಲ್ಯದ ಪ್ರಶ್ನಿಗೆ ಸಿಕ್ಕೊಂತಿದ್ದೆ.”

ಅವರು ನಗಲಿಲ್ಲ. ಅಕ್ಕನ ಮುಂದಿದ್ದ ಕರಡನ್ನು ನೋಡುತ್ತಿದ್ದರು. “ನಂಬಸೋದ ತಪ್ಪು ಅಂದಿದ್ದೆ ನಾ. ಅದಲ್ಲ. ಅವರು ನಂಬಿಸಿ ನನ್ನ ಕಡಿಂದ ಕಸಗೊಂಡ್ರು. ಹೆದರಿಸಿ ಕಸಗೊಂಡ್ರು. ಅದನ್ನ ಬರಿ. ರೊಕ್ಕ ಅಂತಷ್ಟ ಬರೀಬ್ಯಾಡ, ಹೆದರಿಕಿನೂ ಬರಿ. ರೊಕ್ಕ ಹೋದ್ರ ಹೋಗ್ಲಿ, ಹೆದರಿಕಿ ಇನ್ನೂ ಮನ್ಯಾಗ ಕುಂತೈತಿ.”

ಅಕ್ಕ ಕೂತು ಬರೆಯತೊಡಗಿದಳು. ಇನ್ನೊಬ್ಬರಿಗೆ ನಷ್ಟವನ್ನಾಗಲಿ ಭಯವನ್ನಾಗಲಿ ಉಂಟುಮಾಡುವ ಉದ್ದೇಶದಿಂದ. ಹಿಂದೆ ಹೊರಗೆ ಹಾಕಿದ್ದ ಮನಸ್ಸು ಹೀಗೆ ಕಲಮಿನೊಳಗೆ ಮರಳಿ ಬಂತು. ಬರೆದದ್ದನ್ನು ಓದಿದಾಗ ಶಾಸಕರ ಹೆಂಡತಿಯೇ ಕೇಳಿದರು, “ಈಗ ಇದರಾಗ ಯಾರ್ಯಾರು ಸಿಗ್ತಾರ ನೋಡು. ಮಗು ಉಣ್ಣಂಗಿಲ್ಲ ಅಂತ ಗುಮ್ಮನ ದನಿ ಮಾಡಿ ಹೆದರಸೋ ತಾಯಿ?”

ಅಕ್ಕನ ಪೆನ್ನು ನಿಂತಿತು. “ಗುಮ್ಮ ವ್ಯಕ್ತಿ ಅಲ್ಲ ಬಿಡ್ರಿ,” ಎಂದು ನಾನು ಗುಮ್ಮನ ಪರ ವಾದಿಸಿದೆ. ಯಾರೂ ಒಪ್ಪಲಿಲ್ಲ. “ಅಪ್ಪ ಬಂದಾರು ಅಂತ ಅಪ್ಪನ ದನಿ ಮಾಡಿದ್ರ?” ಎಂದರು ಶಾಸಕರ ಹೆಂಡತಿ. ಅಕ್ಕ ಆ ಸಾಲಿನ ಪಕ್ಕದಲ್ಲಿ ಒಂದು ಗೆರೆ ಎಳೆದು, ಭಯ ಎಂದರೆ ಎಂಥ ಭಯ ಎಂದು ಬಿಡಿಸಿ ಬರೆಯಬೇಕು ಎಂದಳು. ಅವ್ವ ಅಡುಗೆಮನೆಯಿಂದ ಬಂದು ಕೂತಳು. ಅಪ್ಪ ಆಚೀಚೆ ನೋಡಿ, ಗುಟ್ಟು ಬಿಟ್ಟುಕೊಡುವವರಂತೆ ಒಂದು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. ಕಿಟಕಿಯಲ್ಲಿ ಬೋಗಿಗಳು ಬರುತ್ತಿದ್ದವು, ಹೋಗುತ್ತಿದ್ದವು, ಆ ಬೆಳಕಿನಲ್ಲಿ ನಮ್ಮ ಸಣ್ಣ ಸಭೆ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿತ್ತು.

ಮಸೂದೆ ಆ ಅಧಿವೇಶನಕ್ಕೆ ಹೋಗಲಿಲ್ಲ. ಗಡುವು ತಪ್ಪಿಸಿದ್ದಕ್ಕೆ ಶಾಸಕರು ಅಕ್ಕನ ಮೇಲೆ ರೇಗಿದರು, ಹೆಂಡತಿ ಅವರ ಮೇಲೆ ರೇಗಿದರು, ಅಲ್ಲಿಗೆ ಅದು ಮುಂದಿನ ಅಧಿವೇಶನದ ಮಾತಾಯಿತು. ಖಾಸಗಿ ಸದಸ್ಯರ ಮಸೂದೆಗಳು ಕಾನೂನಾಗುವುದು ಅಪರೂಪ ಎಂದು ಅಕ್ಕನೇ ಹೇಳುತ್ತಾಳೆ. ಆದರೂ ದಿನಾ ಓದುತ್ತಾಳೆ, ಪ್ರತಿ ಸಾಲಿಗೂ ನಿಂತು ಇದರೊಳಗೆ ಯಾರಿದ್ದಾರೆ ಎಂದು ಕೇಳುತ್ತಾಳೆ. ಕೇಳುವಾಗ ಅವಳ ದನಿ ತಗ್ಗುತ್ತದೆ. ಒಳಗಿನ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಾಳೆ, ಬಾಯಿ ಸ್ವಲ್ಪ ತೆರೆದು, ಹೊಟ್ಟೆ ತುಂಬಿದವರಿಗೆ ಮಾತ್ರ ಬರುವ ನಿದ್ದೆಯಲ್ಲಿ.